ಪಾಲಿಮರ್ ಎಂದರೇನು? ಮನೆಯ ಸಾಮಾನು ಹಿಡಿದೇ ಕಲಿಯುವ ದಾರಿ

ಹಾಲಿನ ಕವರು, ಎಣ್ಣೆಯ ಕ್ಯಾನು, ಊಟದ ಡಬ್ಬಿ, ನೀರಿನ ಬಾಟಲಿ. ಇವೆಲ್ಲವನ್ನೂ ನಾವು ‘ಪ್ಲಾಸ್ಟಿಕ್’ ಎಂದು ಕರೆದು ಮುಗಿಸಿಬಿಡುತ್ತೇವೆ. ಆದರೆ ಹಾಲಿನ ಕವರು ಎಳೆದರೆ ಹಿಗ್ಗುತ್ತದೆ. ಸಿ.ಡಿ. ಡಬ್ಬಿ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಕುಕ್ಕರಿನ ಹಿಡಿ ಒಲೆಯ ಪಕ್ಕದಲ್ಲೇ ವರ್ಷಗಟ್ಟಲೆ ಇದ್ದರೂ ಮೆತ್ತಗಾಗುವುದಿಲ್ಲ. ಯಾಕೆ?

ಪಾಠಪುಸ್ತಕಗಳು ಇದನ್ನು ವರ್ಗೀಕರಣದಿಂದ ಶುರು ಮಾಡುತ್ತವೆ. ನೈಸರ್ಗಿಕ, ಕೃತಕ, ಥರ್ಮೋಪ್ಲಾಸ್ಟಿಕ್, ಥರ್ಮೋಸೆಟ್ ಅಂತ ಪಟ್ಟಿ ಬರುತ್ತದೆ. ಬಾಯಿಪಾಠ ಆಗುತ್ತದೆ, ಅರ್ಥ ಆಗುವುದಿಲ್ಲ. ವರ್ಗೀಕರಣ ಕೊನೆಗೆ ಬಂದರೆ ಸಾಕು ಎನ್ನುವುದು ನನ್ನ ಅಭಿಪ್ರಾಯ. ಮೊದಲು ಸಾಮಾನನ್ನು ಕೈಯಲ್ಲಿ ಹಿಡಿದು ಎಳೆಯಬೇಕು, ಬಗ್ಗಿಸಬೇಕು, ಮುಳುಗಿಸಬೇಕು.

ಈ ಪ್ಲಾಸ್ಟಿಕ್ಕುಗಳೆಲ್ಲ ಪಾಲಿಮರುಗಳು. ಈ ಲೇಖನದುದ್ದಕ್ಕೂ ಒಂದೇ ಮಾತು ತಲೆಯಲ್ಲಿರಲಿ. ಪಾಲಿಮರಿನ ಗುಣವನ್ನು ಅದರಲ್ಲಿರುವ ಪರಮಾಣುಗಳು ಮಾತ್ರ ತೀರ್ಮಾನಿಸುವುದಿಲ್ಲ. ಅದರ ಅಣುಗಳೆಂದರೆ, ಸಣ್ಣ ಅಣುಗಳು ಕೊಂಡಿಗಳಂತೆ ಒಂದಕ್ಕೊಂದು ಜೋಡಿಸಿಕೊಂಡ ಉದ್ದನೆಯ ಸರಪಳಿಗಳು. ಆ ಸರಪಳಿ ಎಷ್ಟು ಉದ್ದ, ಹೇಗೆ ಒತ್ತಿಕೊಂಡು ಕೂತಿದೆ, ಪಕ್ಕದ ಸರಪಳಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ, ಅಲುಗಾಡಲು ಎಷ್ಟು ಜಾಗ ಇದೆ ಎನ್ನುವುದೂ ಅಷ್ಟೇ ಮುಖ್ಯ.

ಬೇಕಾಗುವ ಸಾಮಾನು: ಒಂದು ಮೇಣದಬತ್ತಿ, ತೊಳೆದ ಹಾಲಿನ ಕವರು, ಮುಚ್ಚಳ ಸಮೇತ ನೀರಿನ ಬಾಟಲಿ, ತಳದಲ್ಲಿ 2 ಮತ್ತು 5 ಎಂದು ಬರೆದಿರುವ ಒಂದೊಂದು ಹಳೆಯ ಡಬ್ಬಿ, ಅಕ್ಕಿ ಚೀಲದ ಒಂದು ಎಳೆ, ಅಗಲವಾದ ರಬ್ಬರ್ ಬ್ಯಾಂಡ್, ಫೆವಿಕಾಲ್, ಎಂ-ಸೀಲ್, ಉಪ್ಪು, ಕೊಬ್ಬರಿ ಎಣ್ಣೆ. ತ್ರಿಕೋನದೊಳಗಿನ ಅಂಕಿ ಯಾವ ಪ್ಲಾಸ್ಟಿಕ್ ಎಂದು ಹೇಳುತ್ತದೆ. 1 ಪೆಟ್, 2 ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್), 3 ಪಿವಿಸಿ, 4 ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್), 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಉಳಿದದ್ದೆಲ್ಲ.

ಒಂದು ಎಚ್ಚರಿಕೆ. ಗುಜರಿ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಸುಟ್ಟು, ವಾಸನೆ ನೋಡಿ ಗುರುತಿಸುವ ರೂಢಿ ಇದೆ. ನೀವು ಹಾಗೆ ಮಾಡಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಇಲ್ಲಿರುವ ಯಾವ ಪ್ರಯೋಗಕ್ಕೂ ಬೆಂಕಿ ಬೇಕಾಗಿಲ್ಲ.

ಹಂತ 1: ಮೇಣದಬತ್ತಿ ಮುರಿಯಿರಿ, ಕವರು ಎಳೆಯಿರಿ

ಮೇಣದಬತ್ತಿಯನ್ನು ಬಗ್ಗಿಸಿ. ಮುರಿಯಿತು. ಉಗುರಿನಿಂದ ಕೆರೆಯಿರಿ, ಪುಡಿ ಬಂತು. ಈಗ ಹಾಲಿನ ಕವರನ್ನು ಎಳೆಯಿರಿ. ಅದು ಹಿಗ್ಗುತ್ತದೆ, ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ರಸಾಯನಶಾಸ್ತ್ರದ ಲೆಕ್ಕದಲ್ಲಿ ಇವೆರಡೂ ಹತ್ತಿರದ ನೆಂಟರು. ಎರಡರಲ್ಲೂ ಕಾರ್ಬನ್ ಸಾಲು, ಪ್ರತಿ ಕಾರ್ಬನ್ನಿಗೂ ಎರಡು ಹೈಡ್ರೋಜನ್. ಇದೇ ಸಾಲಿನಲ್ಲಿ 3-4 ಕಾರ್ಬನ್ ಇದ್ದರೆ ಅಡುಗೆ ಗ್ಯಾಸು. ಸುಮಾರು 5ರಿಂದ 12 ಇದ್ದರೆ ಪೆಟ್ರೋಲಿನ ಭಾಗ. ಇನ್ನೂ ಉದ್ದವಾದರೆ ಡೀಸೆಲ್. 20ರಿಂದ 40 ಇದ್ದರೆ ಮೇಣ. ಸಾವಿರಾರು ಇದ್ದರೆ ಪಾಲಿಎಥಿಲೀನ್, ಅಂದರೆ ನಿಮ್ಮ ಕವರು, ಕ್ಯಾನು.

ಉದ್ದ ಜಾಸ್ತಿಯಾದರೆ ಗಟ್ಟಿ ಯಾಕಾಗಬೇಕು? ಕಾರಣ ಎರಡು. ಒಂದು, ಪಕ್ಕಪಕ್ಕದ ಅಣುಗಳ ನಡುವೆ ತೀರಾ ದುರ್ಬಲವಾದ ಸೆಳೆತ ಇರುತ್ತದೆ. ಒಂದೊಂದು ಕಾರ್ಬನ್ನಿನ ಮಟ್ಟದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಸಾವಿರಾರು ಕಡೆ ಕೂಡಿದರೆ ದೊಡ್ಡದಾಗುತ್ತದೆ. ಎರಡು, ಸಿಕ್ಕು. ತುಂಡು ತುಂಡಾದ ಶಾವಿಗೆಯನ್ನು ಚಮಚದಲ್ಲಿ ಎತ್ತಿದರೆ ಚಮಚದಷ್ಟೇ ಬರುತ್ತದೆ. ಉದ್ದನೆಯ ಶಾವಿಗೆಯಾದರೆ ಒಂದು ಎಳೆ ಎಳೆದರೂ ಅರ್ಧ ಪಾತ್ರೆಯೇ ಜೊತೆಗೆ ಬರುತ್ತದೆ. ಪಾಲಿಎಥಿಲೀನಿನಲ್ಲಿ ಕೆಲವು ನೂರು ಕಾರ್ಬನ್ ದಾಟಿದ ಮೇಲೆ ಈ ಸಿಕ್ಕು ಬಲವಾಗುತ್ತದೆ. ಅದಕ್ಕಿಂತ ಗಿಡ್ಡ ಇದ್ದರೆ ಮೇಣದ ಸ್ವಭಾವವೇ ಉಳಿಯುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಪಾಲಿಎಥಿಲೀನಿನ ಒಂದೊಂದು ಕೊಂಡಿಯೂ ಎಥಿಲೀನ್ ಎಂಬ ಎರಡು ಕಾರ್ಬನ್ನಿನ ಸಣ್ಣ ಅಣುವಿನಿಂದ ಬಂದದ್ದು. ಹೈಡ್ರೋಜನ್ ಪರಮಾಣುವಿನ ತೂಕ 1 ಎಂದಿಟ್ಟುಕೊಂಡರೆ ಎಥಿಲೀನ್ ಅಣುವಿನ ತೂಕ 28. ಅಣುತೂಕ 2,80,000 ಇರುವ ಒಂದು ಪಾಲಿಎಥಿಲೀನ್ ಸರಪಳಿ ತೆಗೆದುಕೊಳ್ಳಿ. ಅದರಲ್ಲಿ 10,000 ಎಥಿಲೀನ್ ಕೊಂಡಿಗಳಿವೆ, ಅಂದರೆ 20,000 ಕಾರ್ಬನ್. ಪೂರ್ತಿ ನೇರ ಮಾಡಿ ಎಳೆದರೆ ಅದರ ಉದ್ದ ಸುಮಾರು 2.5 ಮೈಕ್ರೋಮೀಟರ್. ಆದರೆ ಯಾರೂ ಎಳೆಯದೆ ಬಿಟ್ಟರೆ ಅದು ನೆಟ್ಟಗೆ ನಿಲ್ಲುವುದಿಲ್ಲ. ಸುರುಟಿಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ ಕೆಲವು ಹತ್ತು ನ್ಯಾನೋಮೀಟರ್ ಅಷ್ಟೇ ದೂರ ಇರುವ ಉಂಡೆಯಾಗುತ್ತದೆ. ಸುರುಟಿಕೊಳ್ಳುವ ಈ ಗುಣ ರಬ್ಬರಿನ ಹತ್ತಿರ ಮತ್ತೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಇಷ್ಟುದ್ದದ ಅಣು ಇರಬಹುದು ಎನ್ನುವುದನ್ನೇ ಒಂದು ಕಾಲದಲ್ಲಿ ರಸಾಯನಶಾಸ್ತ್ರಜ್ಞರು ನಂಬುತ್ತಿರಲಿಲ್ಲ. ರಬ್ಬರು, ಸೆಲ್ಯುಲೋಸು ಇವೆಲ್ಲ ಸಣ್ಣ ಅಣುಗಳ ಗುಂಪು ಎಂದೇ ಅನೇಕರ ವಾದ. ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಇವು ಮಾಮೂಲಿ ರಾಸಾಯನಿಕ ಬಂಧದಿಂದಲೇ ಜೋಡಿಸಿಕೊಂಡ ಉದ್ದನೆಯ ಸರಪಳಿಗಳು ಎಂದು ಬರೆದರು. ವರ್ಷಗಟ್ಟಲೆ ವಿರೋಧ ಬಂತು. ನೊಬೆಲ್ ಸಿಕ್ಕಿದ್ದು 1953ರಲ್ಲಿ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೊಸದಾಗಿ ಓದುವವರು ಇದರಲ್ಲಿ ಎಡವುತ್ತಾರೆ. ಸಕ್ಕರೆಯ ಅಣುಗಳೆಲ್ಲ ಒಂದೇ ತೂಕ. ಪಾಲಿಮರಿನಲ್ಲಿ ಹಾಗಲ್ಲ, ಗಿಡ್ಡ ಉದ್ದ ಎಲ್ಲ ಬೆರೆತಿರುತ್ತದೆ. ಅದಕ್ಕೇ ‘ಸರಾಸರಿ’ ಅಣುತೂಕ ಎನ್ನುತ್ತಾರೆ, ಅದರಲ್ಲೂ ಎರಡು ಬಗೆ. ಒಂದು ಉದಾಹರಣೆ. 9 ಸರಪಳಿಗಳ ತೂಕ 1,000, ಒಂದರ ತೂಕ 11,000 ಅಂತಿಟ್ಟುಕೊಳ್ಳಿ. ಒಟ್ಟು ತೂಕ 20,000. ಹತ್ತರಿಂದ ಭಾಗಿಸಿದರೆ 2,000. ಇದು ಎಣಿಕೆಯ ಸರಾಸರಿ. ಆದರೆ ಒಟ್ಟು ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದೇ ಉದ್ದನೆಯ ಸರಪಳಿಯದ್ದು, ಅಲ್ವಾ? ಪ್ರತಿ ಸರಪಳಿಗೂ ಅದರ ತೂಕದಷ್ಟೇ ಮಹತ್ವ ಕೊಟ್ಟು ಸರಾಸರಿ ತೆಗೆದರೆ 6,500 ಬರುತ್ತದೆ. ಇದು ತೂಕದ ಸರಾಸರಿ. ಎರಡರ ಅನುಪಾತ 3.25. ಈ ಅನುಪಾತ 1ಕ್ಕೆ ಹತ್ತಿರ ಇದ್ದಷ್ಟೂ ಸರಪಳಿಗಳು ಒಂದೇ ಅಳತೆಯವು ಎಂದರ್ಥ. ಗಿಡ್ಡ ಸರಪಳಿಗಳು ಕರಗಿಸಿದಾಗ ಸರಾಗವಾಗಿ ಹರಿಯಲು ನೆರವಾಗುತ್ತವೆ. ಉದ್ದದವು ಗಟ್ಟಿತನ ಕೊಡುತ್ತವೆ. ಕಾರ್ಖಾನೆಯವರಿಗೆ ಎರಡೂ ಬೇಕು.

ಉದ್ದ ಮಿತಿಮೀರಿದರೆ? ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆಯಲ್ಲಿ ಎರಡು ಲೋಹದ ಭಾಗಗಳ ನಡುವೆ ಇಡುವ ಬಿಳಿ ತುಂಡು ಕೂಡ ಪಾಲಿಎಥಿಲೀನೇ. ಆದರೆ ಅದರ ಅಣುತೂಕ ಹತ್ತಾರು ಲಕ್ಷ. ಸವೆತಕ್ಕೆ ಅಷ್ಟು ಸುಲಭವಾಗಿ ಜಗ್ಗದು. ಕರಗಿಸಿದರೂ ಹರಿಯುವುದಿಲ್ಲ, ಹಾಗಾಗಿ ಬಕೆಟ್ಟಿನಂತೆ ಅಚ್ಚಿಗೆ ಚುಚ್ಚಿ ಮಾಡಲು ಆಗುವುದಿಲ್ಲ. ಪುಡಿಯನ್ನು ಒತ್ತಿ, ಬಿಸಿ ಮಾಡಿ, ಆಮೇಲೆ ಕೊರೆದು ಆಕಾರ ಕೊಡಬೇಕು.

ಹಂತ 2: ತೇಲಿಸಿ ನೋಡಿ

ಡಬ್ಬಿಗಳಿಂದ ಉಗುರಿನಷ್ಟು ತುಂಡು ಕತ್ತರಿಸಿ. ಒಂದು ಲೋಟ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಇಲ್ಲದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗಬೇಕಾದದ್ದೂ ತೇಲುತ್ತದೆ. ತುಂಡುಗಳನ್ನು ಹಾಕಿ, ಬೆರಳಿನಿಂದ ಒಮ್ಮೆ ಒಳಕ್ಕೆ ಅದುಮಿ ಬಿಡಿ.

2, 4, 5ರ ತುಂಡುಗಳು ಮೇಲೆ ಬರುತ್ತವೆ. ನೀರಿನ ಬಾಟಲಿಯ ತುಂಡು ತಳ ಸೇರುತ್ತದೆ. ಅದೇ ಬಾಟಲಿಯ ಮುಚ್ಚಳ ಮಾತ್ರ ತೇಲುತ್ತದೆ, ಏಕೆಂದರೆ ಅದು ಬೇರೆ ಪ್ಲಾಸ್ಟಿಕ್. ಮರುಬಳಕೆ ಘಟಕಗಳಲ್ಲಿ ಪುಡಿ ಮಾಡಿದ ಬಾಟಲಿಯನ್ನೂ ಮುಚ್ಚಳವನ್ನೂ ಬೇರ್ಪಡಿಸುವುದು ನೀರಿನ ತೊಟ್ಟಿಯಲ್ಲೇ, ಇದೇ ಉಪಾಯದಿಂದ.

ಈಗ ನೀರಿಗೆ ಉಪ್ಪು ಹಾಕುತ್ತಾ ಹೋಗಿ, ಇನ್ನು ಕರಗದು ಎನ್ನುವವರೆಗೆ. ಮಾಮೂಲಿ ನೀರಿನ ಸಾಂದ್ರತೆ 1 ಎಂದರೆ ಇದರದ್ದು 1.2ರ ಹತ್ತಿರ ಬರುತ್ತದೆ. ಪಾಲಿಸ್ಟೈರೀನ್ (1.05) ಮಾಮೂಲಿ ನೀರಿನಲ್ಲಿ ಮುಳುಗಿದ್ದದ್ದು ಇದರಲ್ಲಿ ಮೇಲೆ ಬರುತ್ತದೆ. ಪೆಟ್ (1.38) ಮತ್ತು ಪಿವಿಸಿ ಪೈಪು (ಸುಮಾರು 1.4) ಇದರಲ್ಲೂ ಮುಳುಗುತ್ತವೆ.

ಕೊನೆಗೆ ಕೊಬ್ಬರಿ ಎಣ್ಣೆ. ಅದರ ಸಾಂದ್ರತೆ ಸುಮಾರು 0.92. ಬೆಂಗಳೂರಿನ ಡಿಸೆಂಬರ್ ಆದರೆ ಎಣ್ಣೆ ಗಟ್ಟಿಯಾಗಿರುತ್ತದೆ, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಂಡು, ಕೋಣೆಯ ಬಿಸಿಗೆ ಇಳಿಯಲು ಬಿಡಿ. ಪಾಲಿಪ್ರೊಪಿಲೀನ್ (0.90-0.91) ನಿಧಾನಕ್ಕೆ ಮೇಲೇರುತ್ತದೆ. ಎಚ್‌ಡಿಪಿಇ (0.94-0.97) ಮುಳುಗುತ್ತದೆ. ಎಲ್‌ಡಿಪಿಇ 0.91ರಿಂದ 0.93, ಹಾಗಾಗಿ ಅದನ್ನು ಈ ಎಣ್ಣೆಯಲ್ಲಿ ನಂಬುವಂತಿಲ್ಲ. ಬಣ್ಣ ಬಳಿದ ಕುರ್ಚಿ ತುಂಡು ತಂದು ಪರೀಕ್ಷೆ ಮಾಡಬೇಡಿ. ಅಗ್ಗದ ಕುರ್ಚಿಗಳಲ್ಲಿ ಸುಣ್ಣಕಲ್ಲಿನ ಪುಡಿ ಬೆರೆಸಿರುತ್ತಾರೆ, ಲೆಕ್ಕ ತಪ್ಪುತ್ತದೆ.

ಇಲ್ಲಿ ನಿಲ್ಲೋಣ. ಎಚ್‌ಡಿಪಿಇ, ಎಲ್‌ಡಿಪಿಇ ಎರಡೂ ಎಥಿಲೀನಿನಿಂದಲೇ ಮಾಡಿದ್ದು. ಮತ್ತೆ ಸಾಂದ್ರತೆ ಯಾಕೆ ಬೇರೆ?

ಕೊಂಬೆಗಳಿಂದ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬ ಇಬ್ಬರು ಎಥಿಲೀನ್ ಅನಿಲವನ್ನು ಬೇರೊಂದು ರಾಸಾಯನಿಕದ ಜೊತೆ ಭಾರೀ ಒತ್ತಡದಲ್ಲಿ ಕಾಯಿಸುತ್ತಿದ್ದರು. ಅವರು ಬಯಸಿದ್ದು ಸಿಗಲಿಲ್ಲ. ಪಾತ್ರೆಯಲ್ಲಿ ಮೇಣದಂಥ ಬಿಳಿ ಪದಾರ್ಥ ಉಳಿದಿತ್ತು. ಅದೇ ಪಾಲಿಎಥಿಲೀನ್. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಕೇಬಲಿನ ಹೊದಿಕೆಯಾಗಿ ಕೆಲಸಕ್ಕೆ ಬಂತು. ಹೀಗೆ ಭಾರೀ ಒತ್ತಡದಲ್ಲಿ ತಯಾರಾದ ಸರಪಳಿಗೆ ಅಲ್ಲಲ್ಲಿ ಕೊಂಬೆ ಒಡೆಯುತ್ತದೆ. ಕೊಂಬೆಗಳಿದ್ದರೆ ಸರಪಳಿಗಳು ಒತ್ತಾಗಿ ಕೂರಲಾರವು, ಸಾಂದ್ರತೆ ಕಡಿಮೆ. ಅದು ಎಲ್‌ಡಿಪಿಇ. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಒಂದು ವೇಗವರ್ಧಕ ಕಂಡುಹಿಡಿದರು. ಕಡಿಮೆ ಒತ್ತಡದಲ್ಲೇ, ಕೊಂಬೆಯಿಲ್ಲದ ನೆಟ್ಟನೆಯ ಸರಪಳಿ ಬಂತು. ಅದು ಒತ್ತಾಗಿ ಕೂರುತ್ತದೆ. ಅದು ಎಚ್‌ಡಿಪಿಇ. ಅದಕ್ಕೇ ಎಣ್ಣೆ ಕ್ಯಾನು ಬಿರುಸು, ಹಾಲಿನ ಕವರು ಮೆತ್ತಗೆ.

ಹೀಗೆ ಒತ್ತಾಗಿ, ಸಾಲಾಗಿ ಕೂತ ಭಾಗಕ್ಕೆ ಹರಳು ಎನ್ನುತ್ತಾರೆ. ಪಾಲಿಮರ್ ಉಪ್ಪಿನಂತೆ ಪೂರ್ತಿ ಹರಳಾಗುವುದು ಅಪರೂಪ. ಸ್ವಲ್ಪ ಭಾಗ ಹರಳು, ಉಳಿದದ್ದು ಗೋಜಲು. ಇದನ್ನು ಕಣ್ಣಿನಲ್ಲೇ ನೋಡಬಹುದು. ಬಣ್ಣ ಹಾಕದ ಎಚ್‌ಡಿಪಿಇ ಹಾಲುಬಣ್ಣಕ್ಕಿರುತ್ತದೆ, ಏಕೆಂದರೆ ಹರಳು ಮತ್ತು ಗೋಜಲಿನ ನಡುವೆ ಬೆಳಕು ಚದುರುತ್ತದೆ. ಸಿ.ಡಿ. ಡಬ್ಬಿಯ ಪಾಲಿಸ್ಟೈರೀನಿನಲ್ಲಿ ಹರಳೇ ಇಲ್ಲ, ಗಾಜಿನಂತೆ ಆಚೆ ಕಾಣುತ್ತದೆ.

ಪಾಲಿಪ್ರೊಪಿಲೀನಿನ ಕಥೆ ಇನ್ನೂ ಸ್ವಾರಸ್ಯ. ಅದರ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಕಾರ್ಬನ್ನಿಗೆ ಸಣ್ಣದೊಂದು ಗುಂಪು ಅಂಟಿಕೊಂಡಿರುತ್ತದೆ. ಆ ಗುಂಪುಗಳು ಎಡಕ್ಕೊಂದು ಬಲಕ್ಕೊಂದು ಅಂತ ಲೆಕ್ಕವಿಲ್ಲದೆ ಇದ್ದರೆ ಸರಪಳಿ ಸಾಲಾಗಿ ಕೂರದು. ಸಿಗುವುದು ಅಂಟಂಟಾದ ಮೆತ್ತನೆಯ ಪದಾರ್ಥ. ಎಲ್ಲ ಗುಂಪೂ ಒಂದೇ ಬದಿಗೆ ಇದ್ದರೆ ಹರಳಾಗುತ್ತದೆ, ಊಟದ ಡಬ್ಬಿ ಆಗುತ್ತದೆ. ಪರಮಾಣುಗಳ ಲೆಕ್ಕ ಎರಡರಲ್ಲೂ ಒಂದೇ! ಇಟಲಿಯ ಜೂಲಿಯೊ ನಾಟ್ಟಾ ಇದನ್ನು 1954ರಲ್ಲಿ ಸಾಧಿಸಿದರು. ಜೀಗ್ಲರ್ ಮತ್ತು ನಾಟ್ಟಾ 1963ರಲ್ಲಿ ನೊಬೆಲ್ ಹಂಚಿಕೊಂಡರು. ಇವತ್ತು ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಪಾಲಿಪ್ರೊಪಿಲೀನ್ ತಯಾರಾಗುತ್ತದೆ.

ಜೋಡಣೆಯ ಮಹಿಮೆಗೆ ಮನೆಯಲ್ಲೇ ಇನ್ನೊಂದು ಸಾಕ್ಷಿ ಇದೆ. ಹತ್ತಿ ಸೀರೆಗೆ ಗಂಜಿ ಹಾಕುತ್ತೇವಲ್ಲ, ಹತ್ತಿಯ ಸೆಲ್ಯುಲೋಸೂ ಗ್ಲೂಕೋಸಿನ ಸರಪಳಿ, ಗಂಜಿಯ ಪಿಷ್ಟವೂ ಗ್ಲೂಕೋಸಿನ ಸರಪಳಿ. ಕೊಂಡಿ ಹಾಕಿಕೊಂಡ ರೀತಿ ಮಾತ್ರ ಬೇರೆ. ಅಷ್ಟಕ್ಕೇ ಒಂದು ಹೊಟ್ಟೆಗೆ, ಇನ್ನೊಂದು ಮೈಮೇಲೆ.

ಹಂತ 3: ನಿಧಾನವಾಗಿ ಎಳೆಯಿರಿ

ಹಾಲಿನ ಕವರಿನಿಂದ ಒಂದು ಬೆರಳಗಲದ ಪಟ್ಟಿ ನೀಟಾಗಿ ಕತ್ತರಿಸಿ. ಅಂಚಿನಲ್ಲಿ ಗಾಯ ಇರಬಾರದು, ಅಲ್ಲಿಂದಲೇ ಹರಿಯುತ್ತದೆ. ಎರಡೂ ತುದಿ ಹಿಡಿದು ನಿಧಾನಕ್ಕೆ ಎಳೆಯಿರಿ. ಶುರುವಿನಲ್ಲಿ ಬಿಗಿ. ಆಮೇಲೆ ಪಟ್ಟಿ ತೆಳ್ಳಗೆ, ಕಿರಿದಾಗಿ ಹಿಗ್ಗುತ್ತಾ ಹೋಗುತ್ತದೆ. ಹಿಗ್ಗಿದ ಭಾಗವನ್ನು ಇನ್ನೂ ಎಳೆಯಲು ನೋಡಿ. ಮೊದಲಿಗಿಂತ ಗಟ್ಟಿ ಅನ್ನಿಸುತ್ತದೆ.

ಎಳೆದಾಗ ಗೋಜಲಾಗಿದ್ದ ಸರಪಳಿಗಳು ಎಳೆತದ ದಿಕ್ಕಿಗೆ ಸಾಲಾದವು. ಆ ದಿಕ್ಕಿನಲ್ಲಿ ಈಗ ನೀವು ಎಳೆಯುತ್ತಿರುವುದು ಸರಪಳಿಯ ಒಳಗಿನ ಗಟ್ಟಿ ಬಂಧಗಳನ್ನು. ಆದರೆ ಅಡ್ಡ ದಿಕ್ಕಿನಲ್ಲಿ ಹಿಡಿದಿರುವುದು ದುರ್ಬಲ ಸೆಳೆತ ಮಾತ್ರ. ಅಕ್ಕಿ ಚೀಲದಿಂದ ಒಂದು ಎಳೆ ಬಿಚ್ಚಿ ನೋಡಿ. ಉದ್ದಕ್ಕೆ ಎಳೆದರೆ ಬೆರಳು ಕೊಯ್ಯುತ್ತದೆ, ಎಳೆ ಹರಿಯುವುದಿಲ್ಲ. ಉಗುರು ಹಾಕಿ ಸೀಳಿದರೆ ಸರ್ರನೆ ಉದ್ದುದ್ದ ನಾರಾಗಿ ಸೀಳುತ್ತದೆ. ಆ ಪಾಲಿಪ್ರೊಪಿಲೀನ್ ಪಟ್ಟಿಯನ್ನು ಕಾರ್ಖಾನೆಯಲ್ಲೇ ಹಲವು ಪಟ್ಟು ಹಿಗ್ಗಿಸಿರುತ್ತಾರೆ.

ಶಾಂಪೂ ಬಾಟಲಿಯ ಮುಚ್ಚಳದ ತೆಳ್ಳನೆಯ ಮಡಿಕೆ ಸಾವಿರಾರು ಸಲ ಮಡಚಿದರೂ ಬಿಟ್ಟುಹೋಗದಿರುವುದಕ್ಕೂ ಇದೇ ಕಾರಣ. ಅಲ್ಲಿ ಸರಪಳಿಗಳು ಮಡಿಕೆಗೆ ಅಡ್ಡಲಾಗಿ ಸಾಲಾಗಿರುತ್ತವೆ.

ಹಂತ 4: ಬಿಸಿ ಮಾಡಿ, ತಣ್ಣಗೆ ಮಾಡಿ

ಈ ಹಂತಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಪಾಲಿಮರ್ ವಿಷಯದಲ್ಲಿ ಜನ ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಖಾಲಿ ನೀರಿನ ಬಾಟಲಿಯನ್ನು ಸಿಂಕಿನಲ್ಲಿ ನಿಲ್ಲಿಸಿ, ಕುದಿದು ಇಳಿಸಿದ ನೀರನ್ನು ಹುಷಾರಾಗಿ ಹೊಯ್ಯಿರಿ. ಕೈ ದೂರ ಇರಲಿ. ಬಾಟಲಿ ಮುದುಡುತ್ತದೆ. ಆದರೆ ಪೆಟ್ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್ಸಿನಲ್ಲಿ! 100 ಡಿಗ್ರಿಯ ನೀರಿಗೇ ಯಾಕೆ ಮುದುಡಿತು?

ಗೋಜಲು ಭಾಗದ ಸರಪಳಿಗಳಿಗೆ ಇನ್ನೊಂದು ಗಡಿ ಇದೆ. ಅದರ ಕೆಳಗೆ ಅವು ಅಲುಗಾಡಲಾರದೆ ಬಿಗಿದುಕೊಂಡಿರುತ್ತವೆ, ಗಾಜಿನ ಸ್ಥಿತಿ. ಅದರ ಮೇಲೆ ತುಣುಕು ತುಣುಕಾಗಿ ಮಿಸುಕಾಡತೊಡಗುತ್ತವೆ, ಪದಾರ್ಥ ಮೆತ್ತಗಾಗುತ್ತದೆ. ಈ ಗಡಿಯ ಉಷ್ಣತೆಗೆ ಟಿಜಿ ಎನ್ನುತ್ತಾರೆ. ಪೆಟ್‌ಗೆ ಇದು ಸುಮಾರು 75 ಡಿಗ್ರಿ. ಬಾಟಲಿ ಮಾಡುವಾಗ ಪ್ರನಾಳದಂಥ ದಪ್ಪ ಕೊಳವೆಯನ್ನು ಬಿಸಿ ಮಾಡಿ, ಎಳೆದು, ಗಾಳಿ ಊದಿ ಹಿಗ್ಗಿಸಿ, ತಣ್ಣಗಾಗಿಸಿರುತ್ತಾರೆ. ಹಿಗ್ಗಿದ ಸರಪಳಿಗಳು ಹಾಗೇ ಬಿಗಿದುಹೋಗಿರುತ್ತವೆ. 75 ದಾಟಿದ ಕೂಡಲೇ ಬಿಡುಗಡೆ ಸಿಕ್ಕಿ ಸುರುಟಿಕೊಳ್ಳುತ್ತವೆ. ಬಾಟಲಿಯ ಕುತ್ತಿಗೆ ನೋಡಿ, ಮುಚ್ಚಳ ತಿರುಗಿಸುವ ಭಾಗ. ಅದು ಅಷ್ಟಾಗಿ ಮುದುಡಿಲ್ಲ. ಅದನ್ನು ಹಿಗ್ಗಿಸಿಯೇ ಇರಲಿಲ್ಲ.

ಈಗ ಫ್ರೀಜರ್. ಹಾಲಿನ ಕವರಿನ ತುಂಡನ್ನೂ 5ರ ಅಂಕಿಯ ಹಳೆ ಡಬ್ಬಿಯ ತುಂಡನ್ನೂ ರಾತ್ರಿಯಿಡೀ ಇಡಿ. ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ಎರಡನ್ನೂ ಜೋರಾಗಿ ಮಡಚಿ. ಕವರು ಮೆತ್ತಗೇ ಇರುತ್ತದೆ, ಅದರ ಟಿಜಿ ಮೈನಸ್ 100 ಡಿಗ್ರಿಗಿಂತ ಕೆಳಗೆ. ಡಬ್ಬಿಯ ತುಂಡು ಒಡೆಯುವ ಸಂಭವ ಜಾಸ್ತಿ. ಪಾಲಿಪ್ರೊಪಿಲೀನಿನ ಟಿಜಿ ಮೈನಸ್ 10ರ ಆಸುಪಾಸು, ಮನೆಯ ಫ್ರೀಜರ್ ಮೈನಸ್ 18. ಫ್ರೀಜರಿನಿಂದ ತೆಗೆದ ಡಬ್ಬಿ ಕೈಜಾರಿ ಬಿದ್ದರೆ ಸೀಳುವುದು ಇದಕ್ಕೇ. ಒಡೆಯದಿದ್ದರೆ ಅದರಲ್ಲಿ ಎಥಿಲೀನ್ ಬೆರೆಸಿರಬಹುದು. ಪೆಟ್ಟು ತಡೆಯಲಿ ಅಂತ ತಯಾರಕರು ಹಾಗೆ ಮಾಡುತ್ತಾರೆ.

ಪ್ಲಂಬರ್ ಪಿವಿಸಿ ಪೈಪಿನ ತುದಿ ಬಿಸಿ ಮಾಡಿ, ಅಗಲಿಸಿ, ಇನ್ನೊಂದು ಪೈಪನ್ನು ತುರುಕುವುದು ನೋಡಿದ್ದೀರಾ? ಪಿವಿಸಿಯ ಟಿಜಿ ಸುಮಾರು 80 ಡಿಗ್ರಿ. ಅದಕ್ಕೇ ಗೀಸರ್ ಲೈನಿಗೆ ಅದನ್ನು ಹಾಕಬಾರದು. ಕ್ಲೋರಿನ್ ಜಾಸ್ತಿ ಸೇರಿಸಿದ ಸಿಪಿವಿಸಿಗೆ ಈ ಗಡಿ ಮೇಲೇರುತ್ತದೆ, ಬಿಸಿನೀರಿಗೆ ಅದು ಸರಿ. ಖರ್ಚು ಉಳಿಸಲು ಹೋಗಿ ಇಲ್ಲಿ ರಾಜಿಯಾಗಬೇಡಿ.

ಉಷ್ಣತೆ ಟಿಜಿಗಿಂತ ಕೆಳಗಿದ್ದರೆ ಪ್ಲಾಸ್ಟಿಕ್ ಸುಲಭಕ್ಕೆ ಒಡೆಯುತ್ತದೆ ಎನ್ನುವುದು ಒಳ್ಳೆಯ ಅಂದಾಜು, ನಿಯಮವಲ್ಲ. ಪಾಲಿಕಾರ್ಬೊನೇಟಿನ ಟಿಜಿ ಸುಮಾರು 150. ಆದರೂ ಕೋಣೆಯ ಉಷ್ಣತೆಯಲ್ಲಿ ಹೆಲ್ಮೆಟ್ಟಿನ ಮುಂಗಾಜಾಗಿ ಪೆಟ್ಟು ತಡೆಯುತ್ತದೆ.

ಹಂತ 5: ಅಡ್ಡಕೊಂಡಿ

ರಬ್ಬರ್ ಬ್ಯಾಂಡನ್ನು ಥಟ್ಟನೆ ಎಳೆದು ತಕ್ಷಣ ತುಟಿಗೆ ತಾಗಿಸಿ. ಬೆಚ್ಚಗಿರುತ್ತದೆ. ಎಳೆದೇ ಸ್ವಲ್ಪ ಹೊತ್ತು ಇಟ್ಟು, ಬಿಟ್ಟು, ಮತ್ತೆ ತಾಗಿಸಿ. ತಣ್ಣಗೆ. ಇಂಗ್ಲೆಂಡಿನ ಜಾನ್ ಗೌ ಎಂಬ ಅಂಧ ವಿದ್ವಾಂಸ 1805ರಲ್ಲೇ ಇದನ್ನು ತುಟಿಯಿಂದಲೇ ಗುರುತಿಸಿ ಬರೆದಿದ್ದ.

ಮುಂದಿನದು ಇನ್ನೂ ವಿಚಿತ್ರ. ಬ್ಯಾಂಡಿಗೆ ಸಣ್ಣ ತೂಕ ಕಟ್ಟಿ ನೇತುಹಾಕಿ, ಹೇರ್ ಡ್ರೈಯರಿನಿಂದ ಬಿಸಿ ಗಾಳಿ ಬಿಡಿ. ತೂಕ ಕೆಳಕ್ಕಲ್ಲ, ಮೇಲಕ್ಕೆ ಏರುತ್ತದೆ. ಕಬ್ಬಿಣದ ತಂತಿ ಬಿಸಿಗೆ ಉದ್ದವಾದರೆ, ಎಳೆದ ರಬ್ಬರ್ ಗಿಡ್ಡವಾಗುತ್ತದೆ. ನೆಟ್ಟಗಿರಲು ಸರಪಳಿಗೆ ಒಂದೇ ದಾರಿ, ಸುರುಟಿಕೊಳ್ಳಲು ಲೆಕ್ಕವಿಲ್ಲದಷ್ಟು ದಾರಿ. ಬಿಸಿ ಏರಿದಷ್ಟೂ ಸರಪಳಿಯ ಕುಣಿತ ಜಾಸ್ತಿ, ಸುರುಟಿಕೊಳ್ಳುವ ಸೆಳೆತವೂ ಜಾಸ್ತಿ.

ಹಾಗಾದರೆ ಹಾಲಿನ ಕವರಿನಂತೆ ರಬ್ಬರೂ ಎಳೆದಲ್ಲೇ ಯಾಕೆ ಉಳಿಯಲಿಲ್ಲ? ಅದರ ಸರಪಳಿಗಳ ನಡುವೆ ಗಂಧಕದ ಅಡ್ಡಕೊಂಡಿಗಳಿವೆ. ಸುಳ್ಯ, ಪುತ್ತೂರು ಕಡೆ ತೋಟದಲ್ಲಿ ರಬ್ಬರ್ ಹಾಲಿಗೆ ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿಗೆ ಕೊಟ್ಟು ಶೀಟು ಮಾಡುತ್ತಾರೆ. ಆ ಶೀಟಿನಲ್ಲಿ ಅಡ್ಡಕೊಂಡಿ ಇಲ್ಲ. ಬಿಸಿಲಿಗೆ ಅಂಟಂಟು, ಎಳೆದು ಇಟ್ಟರೆ ಮೊದಲಿನ ಆಕಾರಕ್ಕೆ ಪೂರ್ತಿ ಬರುವುದಿಲ್ಲ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸುವ ದಾರಿ ಕಂಡುಕೊಂಡ. ನೂರು ಭಾಗ ರಬ್ಬರಿಗೆ ಒಂದೆರಡು ಭಾಗ ಗಂಧಕ ಸಾಕು, ಬ್ಯಾಂಡಾಗುತ್ತದೆ. 30 ಭಾಗ ದಾಟಿಸಿದರೆ ಹಿಗ್ಗುವ ಮಾತೇ ಇಲ್ಲ, ಕಲ್ಲಿನಂಥ ಎಬೊನೈಟ್ ಸಿಗುತ್ತದೆ. ಹಳೆಯ ಶಾಯಿ ಪೆನ್ನುಗಳ ಕಪ್ಪು ಮೈ ಅದೇ.

ಅಡ್ಡಕೊಂಡಿ ಬೀಳುವುದನ್ನು ನಿಮ್ಮ ಕೈಯಲ್ಲೇ ನೋಡಬೇಕೆ? ಎಂ-ಸೀಲಿನ ಎರಡು ಮುದ್ದೆಗಳನ್ನು ಕೈಗವಸು ಹಾಕಿಕೊಂಡು ನಾದಿ. ಪಕ್ಕದಲ್ಲಿ ಒಂದು ಹನಿ ಫೆವಿಕಾಲ್ ಬಿಡಿ. ಮರುದಿನ ಎರಡೂ ಗಟ್ಟಿಯಾಗಿರುತ್ತವೆ. ಎರಡನ್ನೂ ಬಿಸಿನೀರಿನಲ್ಲಿ ಹಾಕಿಡಿ. ಫೆವಿಕಾಲ್ ಮತ್ತೆ ಬೆಳ್ಳಗೆ, ಮೆತ್ತಗೆ ಆಗುತ್ತದೆ. ಅದು ಗಟ್ಟಿಯಾಗಿದ್ದು ನೀರು ಆರಿ, ಕಣಗಳು ಒಂದಾಗಿ. ಎಂ-ಸೀಲಿನಲ್ಲಿ ಎರಡು ರಾಸಾಯನಿಕಗಳು ಸೇರಿ ಎಲ್ಲೆಲ್ಲೂ ಕೊಂಡಿ ಬಿದ್ದು ಇಡೀ ತುಂಡೇ ಒಂದು ದೊಡ್ಡ ಬಲೆಯಾಗಿದೆ. ಅದನ್ನು ಇನ್ನು ಕರಗಿಸುವಂತಿಲ್ಲ. ಕುಕ್ಕರಿನ ಹಿಡಿಯ ಬೇಕಲೈಟೂ ಇದೇ ಜಾತಿ. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ತಯಾರಿಸಿದ್ದು. ಅತಿಯಾಗಿ ಕಾದರೆ ಸುಟ್ಟು ಕರಕಲಾಗುತ್ತದೆಯೇ ಹೊರತು ಕರಗುವುದಿಲ್ಲ.

ಪಾಠಪುಸ್ತಕದ ವರ್ಗೀಕರಣ ಈಗ ತಾನಾಗಿ ಬಂತು ನೋಡಿ. ಅಡ್ಡಕೊಂಡಿ ಇಲ್ಲದಿದ್ದರೆ ಥರ್ಮೋಪ್ಲಾಸ್ಟಿಕ್. ಅಲ್ಲೊಂದು ಇಲ್ಲೊಂದು ಇದ್ದು, ಟಿಜಿ ಕೋಣೆಯ ಉಷ್ಣತೆಗಿಂತ ಕೆಳಗಿದ್ದರೆ ರಬ್ಬರ್. ತುಂಬಾ ಇದ್ದರೆ ಥರ್ಮೋಸೆಟ್.

ಹಂತ 6: ಸರಪಳಿಗಳ ನಡುವೆ ಏನಿದೆ?

ಇದು ಚಿಕ್ಕ ಹಂತ. ನೈಲಾನಿನ ಸರಪಳಿಗಳು ಹೈಡ್ರೋಜನ್ ಬಂಧ ಎಂಬ ಸೆಳೆತದಿಂದ ಒಂದನ್ನೊಂದು ಹಿಡಿದಿರುತ್ತವೆ, ಪಾಲಿಎಥಿಲೀನಿಗಿಂತ ಬಲವಾದ ಹಿಡಿತ. ನೈಲಾನ್ 6 ಕರಗಲು ಸುಮಾರು 220 ಡಿಗ್ರಿ ಬೇಕು, ಎಚ್‌ಡಿಪಿಇಗೆ 130 ಸಾಕು. ಅದೇ ಬಂಧದ ಜಾಗಕ್ಕೆ ನೀರೂ ಬಂದು ಕೂರುತ್ತದೆ. ಹಾಗಾಗಿ ಒದ್ದೆ ನೈಲಾನ್ ಒಣಗಿದ್ದಕ್ಕಿಂತ ಮೆತ್ತಗೆ. ಬಾವಿಗೆ ಹಗ್ಗ ಕೊಳ್ಳುವವರಿಗೆ ಇನ್ನೊಂದು ಸುಳಿವು: ನೈಲಾನ್ ಹಗ್ಗ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ.

ಪಿವಿಸಿ ಪೈಪು ಬಿರುಸು, ಗಿಡಕ್ಕೆ ನೀರು ಬಿಡುವ ಪಿವಿಸಿ ಹೋಸ್ ಮೆತ್ತಗೆ. ಹೋಸಿನಲ್ಲಿ ಸರಪಳಿಗಳ ನಡುವೆ ಎಣ್ಣೆಯಂಥ ಸಣ್ಣ ಅಣುಗಳನ್ನು ಸೇರಿಸಿರುತ್ತಾರೆ. ಅವು ಸರಪಳಿಗಳನ್ನು ದೂರ ಇಟ್ಟು ಟಿಜಿಯನ್ನು ಇಳಿಸುತ್ತವೆ. ವರ್ಷಗಳು ಕಳೆದ ಹಾಗೆ ಅವು ಹೊರಗೆ ಹೋಗುತ್ತವೆ. ಹಳೆ ಹೋಸ್ ಬಿರುಸಾಗುವುದು, ಸ್ಕೂಟರಿನ ರೆಕ್ಸಿನ್ ಸೀಟು ಬಿರಿಯುವುದು ಇದರಿಂದ.

ಹಂತ 7: ಹೊತ್ತು ಮತ್ತು ಬಿಸಿಲು

ತರಕಾರಿ ತುಂಬಿದ ಪ್ಲಾಸ್ಟಿಕ್ ಕವರಿನ ಹಿಡಿ, ಎತ್ತಿದ ಕೂಡಲೇ ಹಿಗ್ಗುವುದಿಲ್ಲ. ಮನೆ ತಲುಪುವ ಹೊತ್ತಿಗೆ ಹಿಗ್ಗಿರುತ್ತದೆ. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ತಿಂಗಳುಗಳಲ್ಲಿ ಜೋಲುತ್ತದೆ. ಭಾರ ಬದಲಾಗಿಲ್ಲ, ಹೊತ್ತು ಕಳೆಯಿತು ಅಷ್ಟೇ. ಸರಪಳಿಗಳು ನಿಧಾನವಾಗಿ ಒಂದರ ಪಕ್ಕ ಒಂದು ಜಾರುತ್ತವೆ. ಅದೇ ಕವರನ್ನು ಥಟ್ಟನೆ ಜಗ್ಗಿದರೆ ಜಾರಲು ಸಮಯ ಸಿಗದೆ ಹರಿದುಹೋಗುತ್ತದೆ. ಹಾಗಾಗಿ ‘ಇದು ಎಷ್ಟು ಭಾರ ತಡೆಯುತ್ತದೆ’ ಎಂದು ಕೇಳುವಾಗ ‘ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ’ ಎಂದೂ ಕೇಳಬೇಕು.

ಬಿಸಿಲು ಮಾಡುವ ಹಾನಿ ಬೇರೆ ಬಗೆ. ನೇರಳಾತೀತ ಕಿರಣವೂ ಆಮ್ಲಜನಕವೂ ಸೇರಿ ಸರಪಳಿಯನ್ನೇ ತುಂಡರಿಸುತ್ತವೆ. ಉದ್ದ ಕಡಿಮೆಯಾದರೆ ಸಿಕ್ಕು ಬಿಡುತ್ತದೆ. ಮಹಡಿ ಮೇಲಿನ ಬಟ್ಟೆ ಕ್ಲಿಪ್ಪು ಒಂದು ದಿನ ಬೆರಳಲ್ಲೇ ಪುಡಿಯಾಗುವುದು ಹೀಗೆ. ಮೊದಲ ಹಂತದಲ್ಲಿ ಮೇಣದಬತ್ತಿ ಮುರಿದದ್ದಕ್ಕೂ ಇದಕ್ಕೂ ಕಾರಣ ಒಂದೇ, ಗಿಡ್ಡ ಸರಪಳಿ. ಪಾಲಿಪ್ರೊಪಿಲೀನ್ ಇದರಲ್ಲಿ ಪಾಲಿಎಥಿಲೀನಿಗಿಂತ ಬೇಗ ಸೋಲುತ್ತದೆ. ಹನಿ ನೀರಾವರಿಯ ಪೈಪುಗಳು ಕಪ್ಪಗಿರುವುದು ಅಂದಕ್ಕಲ್ಲ. ಅದರಲ್ಲಿ ಶೇಕಡಾ 2-3ರಷ್ಟು ಕಾರ್ಬನ್ ಮಸಿ ಇರುತ್ತದೆ, ಕಿರಣಗಳನ್ನು ಅದೇ ಹೀರಿಕೊಳ್ಳುತ್ತದೆ. ಕಪ್ಪು ಮಂಕಾಗಿ ಬೂದಿ ಬಣ್ಣಕ್ಕಿರುವ ಅಗ್ಗದ ಪೈಪು ತೋಟಕ್ಕೆ ಬೇಡ.

ಡೇಟಾಶೀಟ್ ಓದುವುದು

ಕಾಲೇಜು ಪ್ರಾಜೆಕ್ಟಿಗೋ, ಸಣ್ಣ ಮೋಲ್ಡಿಂಗ್ ಘಟಕಕ್ಕೋ ಪ್ಲಾಸ್ಟಿಕ್ ದಾನಾ (ಕರಗಿಸಿ ಅಚ್ಚು ಹಾಕುವ ಕಾಳು) ಕೊಳ್ಳುವವರು ನೀವಾದರೆ, ತಯಾರಕರು ಕೊಡುವ ಹಾಳೆಯಲ್ಲಿ ಮೊದಲು ನಾಲ್ಕು ಸಾಲು ಹುಡುಕಿ.

ಮೊದಲನೆಯದು ಎಂಎಫ್‌ಐ. ಅಂದರೆ ಮೆಲ್ಟ್ ಫ್ಲೋ ಇಂಡೆಕ್ಸ್, ಕರಗಿದ ಪ್ಲಾಸ್ಟಿಕ್ ಒಂದು ಗೊತ್ತಾದ ತೂತಿನಿಂದ 10 ನಿಮಿಷದಲ್ಲಿ ಎಷ್ಟು ಗ್ರಾಂ ಇಳಿಯುತ್ತದೆ ಎಂಬ ಲೆಕ್ಕ. ಪಾಲಿಎಥಿಲೀನಿಗೆ 190 ಡಿಗ್ರಿ, ಪಾಲಿಪ್ರೊಪಿಲೀನಿಗೆ 230 ಡಿಗ್ರಿ, ಮೇಲಿಂದ ಒತ್ತುವ ತೂಕ ಸಾಮಾನ್ಯವಾಗಿ 2.16 ಕಿಲೋ. ಅಂಕಿ ದೊಡ್ಡದಿದ್ದರೆ ಸರಪಳಿ ಗಿಡ್ಡ, ತೆಳು ಗೋಡೆಯ ಡಬ್ಬಿಗೆ ಸರಿ. ಅಂಕಿ 1ಕ್ಕಿಂತ ಕಡಿಮೆ ಇದ್ದರೆ ಸರಪಳಿ ಉದ್ದ, ಪೈಪಿಗೆ ಸರಿ. ಬೇರೆ ಬೇರೆ ಉಷ್ಣತೆ, ತೂಕದಲ್ಲಿ ಅಳೆದ ಎಂಎಫ್‌ಐಗಳನ್ನು ಹೋಲಿಸಬೇಡಿ. ಎರಡನೆಯದು ಸಾಂದ್ರತೆ. ಪಾಲಿಎಥಿಲೀನ್ ಆದರೆ ಅದು ಹರಳಿನ ಪ್ರಮಾಣ ಹೇಳುತ್ತದೆ, ಅದರ ಜೊತೆಗೇ ಬಿರುಸುತನವನ್ನೂ. ಮೂರನೆಯದು ಕರಗುವ ಉಷ್ಣತೆ ಅಥವಾ ಟಿಜಿ. ಹರಳು ಇಲ್ಲದ ಪಾಲಿಸ್ಟೈರೀನಿಗೆ ಕರಗುವ ಉಷ್ಣತೆಯ ಸಾಲೇ ಇರುವುದಿಲ್ಲ, ಗಾಬರಿ ಬೇಡ. ನಾಲ್ಕನೆಯದು ಪೆಟ್ಟು ತಡೆಯುವ ಶಕ್ತಿ. ಅದನ್ನು 23 ಡಿಗ್ರಿಯಲ್ಲಿ ಮಾತ್ರ ಅಳೆದಿದ್ದಾರೋ, ಮೈನಸ್ 20ರಲ್ಲೂ ಅಳೆದಿದ್ದಾರೋ ನೋಡಿ.

ಮರುಬಳಕೆಯ ದಾನಾ ಅಗ್ಗಕ್ಕೆ ಸಿಗುತ್ತದೆ. ಪಾಲಿಪ್ರೊಪಿಲೀನ್ ಪ್ರತಿ ಸಲ ಕರಗಿದಾಗಲೂ ಸರಪಳಿ ಸ್ವಲ್ಪ ಗಿಡ್ಡವಾಗುತ್ತದೆ, ಎಂಎಫ್‌ಐ ಏರುತ್ತದೆ. ಹಾಗಾಗಿ ಹೊಸ ದಾನಾದ ಜೊತೆ ಬೆರೆಸಿ ಬಳಸುತ್ತಾರೆ. ಪ್ರತಿ ಲಾಟಿನ ಎಂಎಫ್‌ಐ ಅಳೆಸಿಯೇ ಬೆರೆಸಿ, ಮಾರುವವರ ಬಾಯಿಮಾತಿನ ಮೇಲೆ ಬೇಡ. ಹೂಕುಂಡಕ್ಕೆ ಇದು ನಡೆಯುತ್ತದೆ. ಊಟದ ಡಬ್ಬಿಗೆ, ಮಕ್ಕಳು ಏರಿ ಕೂರುವ ಕುರ್ಚಿಗೆ ಎಲ್ಲಿಂದ ಬಂತೋ ಗೊತ್ತಿಲ್ಲದ ದಾನಾ ಹಾಕಬೇಡಿ.